ದಾದಿಯರ ರಹದಾರಿ

ನಮ್ಮ ನೀಲಗಿರಿಗೆ ಬರುವ ದಾರಿಗಳಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಿತವಾದುದು ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು, ಕೆಕ್ಕನಹಳ್ಳದಲ್ಲಿ ಗಡಿಯನ್ನು ದಾಟಿ, ತೆಪ್ಪಕಾಡಿನಲ್ಲಿ ಕವಲೊಡೆಯುವ ದಾರಿ. ಒಂದು ಕವಲು ಗೂಡಲೂರಿಗೆ ಹೋಗುತ್ತದೆ. ಇನ್ನೊಂದು ಮಸಿನಗುಡಿಯ ಮೂಲಕ ಕಲ್ಲಟ್ಟಿಯ ಏರನ್ನು ಹತ್ತಿ ಉದಕಮಂಡಲವನ್ನು ಸೇರುತ್ತದೆ. ನಂಟಸ್ತಿಕೆ, ವ್ಯಾಪಾರ, ಜಾತ್ರೆಗಳಿಗಾಗಿ ಈ ದಾರಿಯಲ್ಲಿ ಓಡಾಡಿದವರು ಹೇಗೋ ಹಾಗೆಯೇ ಕಾಯಿಲೆಯವರೂ, ಅವರ ಶುಶ್ರೂಷೆಯ ವಿದ್ಯೆಯನ್ನು ಕಲಿಯಲು ಹೋದ ನಮ್ಮ ಹೆಣ್ಣುಮಕ್ಕಳೂ ಓಡಾಡಿದ್ದಾರೆ. ಈ ಎರಡನೆಯ ಗುಂಪಿನವರ ಮಾತನ್ನೇ ಈ ಲೇಖನದಲ್ಲಿ ಆಡಬೇಕೆಂದಿದ್ದೇನೆ. ದೇಶದೇಶಗಳ ಕಾಯಿದೆಯ ವಿಷಯವನ್ನು ಸಂಘದ ಸಂಚಿಕೆಯಲ್ಲಿ ಏಕೆ ಎತ್ತಬೇಕೆಂದು ಕೆಲವರು ಕೇಳಬಹುದು. ನಮ್ಮ ತಾಲ್ಲೂಕಿನಲ್ಲೇ ಅಜ್ಜಿಯರ ಬಳಿ ಬೆಳೆಯುತ್ತಿರುವ ಮಕ್ಕಳನ್ನು ಕಂಡವರು ಹಾಗೆ ಕೇಳಲಾರರು.

ಬೆಟ್ಟದ ಮೇಲಿನ ಈ ಊರು ಬೆಳೆದುದೇ ಆರೋಗ್ಯದ ಹೆಸರಿನಲ್ಲಿ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ಬೆಟ್ಟ ಹತ್ತಿದ ಮೇಲೆ, ಬಯಲುಸೀಮೆಯ ಬಿಸಿಲಿಗೂ ಜ್ವರಕ್ಕೂ ಬಸವಳಿದ ದೊರೆಗಳು ಮೈ ಚೇತರಿಸಿಕೊಳ್ಳಲು ಇಲ್ಲಿಗೆ ಬರತೊಡಗಿದರು. 1907ರಲ್ಲಿ ಕೂನೂರಿನಲ್ಲಿ ಪಾಸ್ತರ್ ಸಂಸ್ಥೆ ಸ್ಥಾಪಿತವಾಯಿತು. ಹುಚ್ಚುನಾಯಿ ಕಚ್ಚಿದವರಿಗೆ ದಕ್ಷಿಣದೇಶಕ್ಕೆಲ್ಲ ಅದೇ ಆಸರೆಯಾಯಿತು. ಕಾಯಿಲೆಯವರು ಕೆಳಗಿನಿಂದ ಬಂದರು. ಅವರನ್ನು ನೋಡಿಕೊಳ್ಳುವ ವೈದ್ಯರೂ ದಾದಿಯರೂ ಕೆಳಗಿನಿಂದಲೇ ಬಂದರು. ಅವರು ಯಾವ ಊರಿನವರು, ಅವರ ಮನೆಮಂದಿ ಎಲ್ಲಿರುವರು ಎಂದು ಆಗ ವಿಚಾರಿಸಿದವರು ಕಡಮೆ.

ರೋಗವೇ ಮೊದಲು ರಹದಾರಿಯನ್ನು ಕೇಳಿತು. 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಕಾಲಿಟ್ಟಾಗ ಮದರಾಸು ಸರಕಾರದವರು ಸೋಂಕಿನ ಸೀಮೆಗಳಿಂದ ಬರುವ ಪ್ರಯಾಣಿಕರಿಗೆ ‘ಪ್ಲೇಗು ಪಾಸ್‌ಪೋರ್ಟು’ ಎಂಬ ಚೀಟಿಯನ್ನು ಕೊಡುವ ಪದ್ಧತಿಯನ್ನು ನಡೆಸಿದರು. ಚೀಟಿ ಪಡೆದವನು ಹೋದ ಊರಿನಲ್ಲಿ ಹತ್ತು ದಿನ ಅಧಿಕಾರಿಯೆದುರು ಮುಖ ತೋರಿಸಬೇಕಾಗಿತ್ತು. ನಮ್ಮ ಮುತ್ತಜ್ಜಂದಿರ ಕಾಲದ ಈ ಚೀಟಿ ಮತ್ತೆ ಬಂದುದನ್ನು ನಾವೇ ಕಂಡೆವು. 2020ರಲ್ಲಿ ಕೊರೋನಾ ಪಿಡುಗು ಹಬ್ಬಿದಾಗ ಅದರ ಹೆಸರು ‘ಇ-ಪಾಸ್’ ಎಂದಾಯಿತು. ಮೈಸೂರಿನಲ್ಲಿ ಮಗಳು, ಗೂಡಲೂರಿನಲ್ಲಿ ತಾಯಿ. ನಡುವೆ ಒಂದು ಗೇಟು. (2024ರ ಮೇ 7ರಿಂದ ಮದರಾಸು ಹೈಕೋರ್ಟಿನ ಆಜ್ಞೆಯಂತೆ ನೀಲಗಿರಿಗೆ ಬರುವ ಪ್ರವಾಸಿಗರಿಗೂ ಇ-ಪಾಸ್ ಬೇಕಾಯಿತು. ಅದು ವಾಹನಗಳ ದಟ್ಟಣೆಯ ವಿಷಯ. ಇಲ್ಲಿ ಅದರ ಚರ್ಚೆ ಬೇಡ.)

ಆ ವರ್ಷ ನಮಗಿಂತ ಹೆಚ್ಚು ನೊಂದವರು ನಮ್ಮ ಇನ್ನೊಂದು ಗಡಿಯ ಸೋದರರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಜನ ಆಸ್ಪತ್ರೆಗೆಂದು ಹೋಗುವುದು ಮಂಗಳೂರಿಗೆ. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವವರಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆಗಳ ಕಡೆಯವರೂ ಅನೇಕರು. 2020ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಚಿಕಿತ್ಸೆ ದೊರೆಯದೆ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೊಂದು ಬಂದಿತು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಯಿಸಬೇಕೆಂದು ಆಜ್ಞೆ ಮಾಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ ವೈದ್ಯರ ಪತ್ರವಿದ್ದ ರೋಗಿಗಳನ್ನು ತಲಪಾಡಿಯಲ್ಲಿ ಒಳಗೆ ಬಿಡುವ ಏರ್ಪಾಡಾಯಿತು. ರೋಗಿಗಳ ಮಾತು ಪತ್ರಿಕೆಗಳಲ್ಲಿ ಬಂದಿತು. ದಾದಿಯರ ಮಾತು ಅಷ್ಟಾಗಿ ಬರಲಿಲ್ಲ. ಅವರು ಮನೆಗೆ ಹೋದರೆ ಕೆಲಸಕ್ಕೆ ಮರಳುವಂತಿರಲಿಲ್ಲ. ಕೆಲಸದಲ್ಲಿ ಉಳಿದರೆ ಮನೆಗೆ ಹೋಗುವಂತಿರಲಿಲ್ಲ. ಜೂನ್ ತಿಂಗಳಲ್ಲಿ ದಿನನಿತ್ಯ ಓಡಾಡುವವರಿಗೆ ಪಾಸು ಕೊಟ್ಟರು. ಸೋಂಕು ಹೆಚ್ಚಿದಾಗ ಅದಕ್ಕೂ ಮತ್ತೆ ತಡೆ ಬಂದಿತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿದ್ದ ಮನೆ ಸಮುದ್ರದಾಚೆಗೆ ಹೋದಂತಾಯಿತು.

ಇದು ಪಿಡುಗಿನ ಕಾಲದ ಮಾತು, ಬೇಗನೆ ಮುಗಿಯಿತು. ಆದರೆ ದುಡಿಯುವ ಕೈಯನ್ನು ಒಳಗೆ ಬಿಟ್ಟು ಅದರ ಹಿಂದಿರುವ ಮನೆಯನ್ನು ಹೊರಗೆ ನಿಲ್ಲಿಸುವ ನಿಯಮವು ಪಿಡುಗು ಇಲ್ಲದ ಕಾಲದಲ್ಲಿಯೂ, ಬೇರೆ ಬೇರೆ ದೇಶಗಳಲ್ಲಿ, ಮತ್ತೆ ಮತ್ತೆ ಬರೆಯಲ್ಪಟ್ಟಿದೆ. ನಮ್ಮ ಬೆಟ್ಟದವರು ಅದನ್ನು ಪುಸ್ತಕದಿಂದ ತಿಳಿಯಬೇಕಾದುದಿಲ್ಲ. ಕೋಟಗಿರಿ, ಕೂನೂರು, ಗೂಡಲೂರು, ಪಂದಲೂರುಗಳ ಚಹಾತೋಟಗಳಲ್ಲಿ ಸಿಂಹಳದಿಂದ ಬಂದವರ ಮನೆಗಳಿವೆ. ಅಲ್ಲಿ ತಲೆಮಾರುಗಳ ಕಾಲ ದುಡಿದವರನ್ನು 1948ರ ಪೌರತ್ವ ಕಾಯಿದೆಯು ಯಾವ ದೇಶದವರೂ ಅಲ್ಲದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದಲ್ಲಿ 9,75,000 ಜನರನ್ನು ಲೆಕ್ಕ ಹಾಕಿ, 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ ಎಂದು ಹಂಚಿದರು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸರಿಪಾಲು ಮಾಡಿಕೊಂಡರು. ಲೆಕ್ಕ ಸರಿಯಾಯಿತು. ಆದರೆ ಮನೆಗಳು ಲೆಕ್ಕದಂತೆ ಇರಲಿಲ್ಲ. ಅಣ್ಣ ಅರ್ಜಿ ಹಾಕಿದುದು ಭಾರತಕ್ಕೆ, ತಮ್ಮ ಹಾಕಿದುದು ಸಿಂಹಳಕ್ಕೆ. ತಂದೆತಾಯಿಗಳ ಕಾಗದ ಒಂದು ದೇಶದ್ದು, ಮದುವೆಯಾಗಿ ಹೋದ ಮಗಳ ಕಾಗದ ಇನ್ನೊಂದು ದೇಶದ್ದು. 1968ರಲ್ಲಿ ಆರಂಭವಾದ ಸರಕಾರದ ಚಹಾತೋಟಗಳು, ಎಂದರೆ ಈಗ ನಾವು ‘ಟ್ಯಾನ್‌ಟೀ’ ಎನ್ನುವ ಸಂಸ್ಥೆ, ಹೀಗೆ ಬಂದವರಿಗೆ ಕೆಲಸ ಕೊಡಲೆಂದೇ ಹುಟ್ಟಿದುವು. ತಲೈಮನ್ನಾರಿನ ಹಡಗುಕಟ್ಟೆಯಲ್ಲಿ ಬೀಳ್ಕೊಟ್ಟವರನ್ನು ಮರಳಿ ಕಾಣದೆಯೇ ತೀರಿಕೊಂಡ ಮುದುಕಿಯರು ನಮ್ಮ ತೋಟದ ಲೈನುಗಳಲ್ಲಿ ಇದ್ದರು.

ತೋಟದ ಕೆಲಸಕ್ಕೆ ಕುಟುಂಬ ಕುಟುಂಬವೇ ಹೋಗುತ್ತಿತ್ತು. ದಾದಿಯರ ಕಥೆ ಅದಕ್ಕಿಂತ ಭಿನ್ನ. ಅದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ದೇಶದಲ್ಲಿ ಕ್ರಮವಾದ ದಾದಿ ಶಿಕ್ಷಣವು 1871ರಲ್ಲಿ ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ ಆರಂಭವಾಯಿತು. 1926ರಲ್ಲಿ ಮದರಾಸು ಪ್ರಾಂತದಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆ ಬಂದು ಅವರ ಹೆಸರುಗಳನ್ನು ದಾಖಲೆ ಮಾಡುವ ಏರ್ಪಾಡಾಯಿತು. 1946ರಲ್ಲಿ ವೆಲ್ಲೂರಿನಲ್ಲೂ ದೆಹಲಿಯಲ್ಲೂ ಪದವಿ ಶಿಕ್ಷಣ ತೊಡಗಿತು. ಆದರೂ ನಮ್ಮ ಮನೆಗಳಲ್ಲಿ ಬಹುಕಾಲ ಇದನ್ನು ಮರ್ಯಾದೆಯ ವೃತ್ತಿಯೆಂದು ಎಣಿಸಲಿಲ್ಲ. ಪರರ ಮೈ ಮುಟ್ಟುವುದು, ಮಲಮೂತ್ರ ಬಳಿಯುವುದು, ರಾತ್ರಿಯ ಹೊತ್ತು ಮನೆಯ ಹೊರಗಿರುವುದು: ಇವನ್ನು ಮಾಡುವ ಹೆಣ್ಣಿಗೆ ವರ ಸಿಗುವುದಿಲ್ಲವೆಂದು ಹೇಳುತ್ತಿದ್ದರು. ಈ ಮೈಲಿಗೆಯ ಭಾವನೆಯನ್ನು ಮೊದಲು ಬದಿಗೊತ್ತಿದವರು ಮಿಷನ್ ಆಸ್ಪತ್ರೆಗಳ ಆಸರೆಯಲ್ಲಿ ಕಲಿತ ಕೇರಳದ ಬಡ ಕ್ರೈಸ್ತ ಮನೆಗಳ ಹುಡುಗಿಯರು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯೂ, 1906ರಲ್ಲಿ ಸ್ಥಾಪಿತವಾಗಿ ನಮ್ಮವರು ಇಂದಿಗೂ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಇಂಥವರ ಸೇವೆಯಿಂದ ಬೆಳೆದುವು. ಈಗ ಕರ್ನಾಟಕದಲ್ಲಿ ಇರುವಷ್ಟು ದಾದಿ ಕಾಲೇಜುಗಳು ದೇಶದ ಬೇರೆ ರಾಜ್ಯಗಳಲ್ಲಿ ಕಾಣಸಿಗುವುದು ಅಪರೂಪ. ವರ ಸಿಗುವುದಿಲ್ಲವೆಂದ ಜನವೇ ‘ಹುಡುಗಿ ನರ್ಸ್, ಫಾರಿನ್ನಿಗೆ ಹೋಗುತ್ತಾಳೆ’ ಎಂದು ಜಾತಕ ಹಿಡಿದು ಬರುವುದನ್ನು ನೋಡಿದಾಗ ನನಗೆ ನಗೆ ಬರುತ್ತದೆ.

ಎಲ್ಲರೂ ಹೊರಗೇ ಹೋಗಬೇಕೆಂದೇನೂ ಇಲ್ಲ. ಗೂಡಲೂರಿನಲ್ಲಿ 1990ರಲ್ಲಿ ಸ್ಥಾಪಿತವಾದ ‘ಅಶ್ವಿನಿ’ ಸಂಸ್ಥೆಯವರು ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ ಮೊದಲಾದ ಆದಿವಾಸಿ ಹಾಡಿಗಳ ಹೆಣ್ಣುಮಕ್ಕಳನ್ನೇ ತರಬೇತು ಮಾಡಿ ತಮ್ಮ ಆಸ್ಪತ್ರೆಯ ದಾದಿಯರನ್ನಾಗಿ ಮಾಡಿದರು. ಸರದಿ ಮುಗಿದ ಮೇಲೆ ಅವರು ನಡೆದು ಮನೆಗೆ ಹೋಗಬಲ್ಲರು. ಆ ಭಾಗ್ಯದ ಬೆಲೆ ಎಷ್ಟೆಂಬುದು ಮುಂದಿನ ಸಂಗತಿಗಳಿಂದ ತಿಳಿದೀತು.

ಸಾಮಾನ್ಯವಾಗಿ ಪರದೇಶಕ್ಕೆ ಮೊದಲು ಹೋಗುವವನು ಗಂಡಸು. ನೆಲೆ ಕಂಡುಕೊಂಡ ಮೇಲೆ ಹೆಂಡತಿಯನ್ನೂ ಮಕ್ಕಳನ್ನೂ ಕರೆಸಿಕೊಳ್ಳುತ್ತಾನೆ. ದೇಶದೇಶಗಳ ಕಾಯಿದೆಗಳನ್ನು ಬರೆದವರ ಮನಸ್ಸಿನಲ್ಲಿದ್ದುದೂ ಇದೇ ಚಿತ್ರ. ದಾದಿಯು ಈ ಕ್ರಮವನ್ನು ತಲೆಕೆಳಗು ಮಾಡಿದಳು. ಅವಳು ಮುಂದೆ, ಗಂಡ ಹಿಂದೆ. ಅಮೆರಿಕೆಗೆ ಹೋದ ಮಲೆಯಾಳಿ ದಾದಿಯರನ್ನು ಕುರಿತು ಷೀಬಾ ಜಾರ್ಜ್ ಎಂಬ ವಿದುಷಿ 2005ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ ‘ಹೆಂಗಸರು ಮೊದಲು ಬಂದಾಗ’ ಎಂಬರ್ಥದ್ದು. ಹೀಗೆ ಹಿಂದೆ ಬರುವ ಗಂಡನಿಗೆ ಏನು ಮಾಡಬೇಕೆಂಬುದನ್ನು ಕಾಯಿದೆಗಳು ಯೋಚಿಸಿರಲಿಲ್ಲ. ಯೋಚಿಸಿದಾಗ ಬಹುಮಟ್ಟಿಗೆ ತಡೆಯುವುದನ್ನೇ ಯೋಚಿಸಿದುವು.

ಜರ್ಮನಿಯ ಸಂಗತಿಯನ್ನು ನೋಡಿ. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಜನ ಸಾಲದೆ ಹೋದಾಗ ಕ್ಯಾಥೊಲಿಕ್ ಸಂಸ್ಥೆಗಳವರು ಕೇರಳದಿಂದ ಹದಿಹರೆಯದ ಹುಡುಗಿಯರನ್ನು ಕರೆದೊಯ್ದರು. ಭಾಷೆ ಬಾರದು, ಚಳಿ ತಿಳಿಯದು. ಆದರೂ ಕಲಿತರು, ದುಡಿದರು, ಊರಿಗೆ ಹಣ ಕಳುಹಿಸಿ ತಂಗಿಯರ ಮದುವೆ ಮಾಡಿಸಿದರು. ರಜೆಯಲ್ಲಿ ಊರಿಗೆ ಬಂದು ತಾವೂ ಮದುವೆಯಾದರು. ಅಲ್ಲಿಂದ ತೊಡಕು. ಗಂಡನು ಅಲ್ಲಿಗೆ ಹೋಗಬಹುದು, ಆದರೆ ಕೆಲಸ ಮಾಡುವಂತಿಲ್ಲ. ಅದಕ್ಕೆ ಬೇರೆ ಪರವಾನಗಿ, ಅದಕ್ಕೆ ವರ್ಷಗಟ್ಟಳೆ ಕಾಯುವಿಕೆ. ಬಿ.ಎ., ಬಿ.ಎಸ್‌ಸಿ. ಓದಿದ ಗಂಡಸರು ಹೆಂಡತಿಯ ಸಂಬಳದಲ್ಲಿ ಕುಳಿತು, ಮಗುವಿಗೆ ಹಾಲು ಕುಡಿಸಿ, ಅಡುಗೆ ಕಲಿತರು. ಇದರಲ್ಲಿ ನಾಚಿಕೆಯೇನೂ ಇಲ್ಲವೆಂದು ಈಗಿನವರು ಹೇಳಿಯಾರು. ಆಗಿನ ಕೇರಳದಲ್ಲಿ ಬೆಳೆದ ಗಂಡಸಿಗೆ ಅದು ಸುಲಭದ ಮಾತಾಗಿರಲಿಲ್ಲ. 1973ರ ನವೆಂಬರಿನಲ್ಲಿ ಪಶ್ಚಿಮ ಜರ್ಮನಿಯು ಪರದೇಶದ ಕೆಲಸಗಾರರ ನೇಮಕವನ್ನು ನಿಲ್ಲಿಸಿತು. 1977ರ ಹೊತ್ತಿಗೆ ಅಲ್ಲಿನ ಕೆಲವು ಪ್ರಾಂತಗಳು ದಾದಿಯರ ಪರವಾನಗಿಯನ್ನೇ ಮುಂದುವರಿಸಲು ಒಪ್ಪದಾದುವು. ಹತ್ತು ವರ್ಷ ರೋಗಿಗಳ ಹಾಸಿಗೆ ಸರಿಪಡಿಸಿದವರು ಗಂಟುಮೂಟೆ ಕಟ್ಟಬೇಕಾಯಿತು. ದಾದಿಯರು ಪ್ರತಿಭಟಿಸಿದರು, ಅನೇಕರು ಉಳಿದುಕೊಂಡರು, ಅನೇಕರು ಮರಳಿದರು.

ಅದೇ ಜರ್ಮನಿ ಈಗ ಬೇರೆ ಮಾತನ್ನಾಡುತ್ತಿದೆ. 2020ರ ಮಾರ್ಚ್ 1ರಿಂದ ಜಾರಿಗೆ ಬಂದ ಕುಶಲ ಕೆಲಸಗಾರರ ಕಾಯಿದೆಯನ್ನು ಮತ್ತೆ ಸಡಿಲಿಸಿ, 2024ರ ಮಾರ್ಚ್ 1ರಿಂದೀಚೆಗೆ ಪರವಾನಗಿ ಪಡೆದ ಕುಶಲ ಕೆಲಸಗಾರರು ಗಂಡ ಅಥವಾ ಹೆಂಡತಿ ಮಕ್ಕಳನ್ನಷ್ಟೇ ಅಲ್ಲ, ಖರ್ಚಿನ ಹೊಣೆ ಹೊತ್ತರೆ ತಂದೆತಾಯಿಗಳನ್ನೂ ಕರೆಸಿಕೊಳ್ಳಬಹುದೆಂದು ವಿಧಿಸಿದೆ. ಜೊತೆಗೆ ಬಂದ ಗಂಡನು ಮರುದಿನವೇ ಕೆಲಸಕ್ಕೆ ಸೇರಬಹುದು. ಐವತ್ತು ವರ್ಷಗಳಲ್ಲಿ ಜರ್ಮನಿಯವರ ಹೃದಯ ಮೃದುವಾಯಿತೆಂದು ನಾನು ಭಾವಿಸುವುದಿಲ್ಲ. ಮುದುಕರು ಹೆಚ್ಚಾದರು, ನೋಡಿಕೊಳ್ಳುವವರು ಕಡಮೆಯಾದರು; ಅಷ್ಟೆ.

ಇಂಗ್ಲೆಂಡಿನ ಚರಿತ್ರೆ ಇನ್ನೂ ಉದ್ದವಾದುದು. 1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗಿನಿಂದಲೂ ಅದು ಹೊರದೇಶದ ದಾದಿಯರನ್ನೂ ವೈದ್ಯರನ್ನೂ ನೆಚ್ಚಿಕೊಂಡೇ ನಡೆದಿದೆ. ಮೊದಮೊದಲು ಕಾಮನ್‌ವೆಲ್ತ್ ದೇಶಗಳವರಿಗೆ ತಡೆಯಿರಲಿಲ್ಲ. 1962ರ ಜುಲೈ 1ರಿಂದ ವೋಚರು ಬೇಕಾಯಿತು; 1973ರ ಜನವರಿ 1ರಿಂದ ವರ್ಕ್ ಪರ್ಮಿಟ್ ಬೇಕಾಯಿತು. 1960ರಿಂದ 1963ರವರೆಗೆ ಆರೋಗ್ಯಮಂತ್ರಿಯಾಗಿದ್ದ ಇನಾಕ್ ಪೊವೆಲ್ ಅವರ ಕಾಲದಲ್ಲಿ ಭಾರತ, ಪಾಕಿಸ್ತಾನಗಳ ವೈದ್ಯರು ಆ ಆಸ್ಪತ್ರೆಗಳಲ್ಲಿ ತುಂಬಿದ್ದರು. ಅದೇ ಪೊವೆಲ್ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ವಲಸೆಯವರ ವಿರುದ್ಧ ಮಾಡಿದ ಭಾಷಣವು ಲೋಕಪ್ರಸಿದ್ಧವಾಯಿತು. ಹೊರದೇಶದಿಂದ ಕಲಿಯಲು ಹೋದ ಅನೇಕ ಹುಡುಗಿಯರನ್ನು ಪೂರ್ಣ ಶಿಕ್ಷಣಕ್ಕೆ ಸೇರಿಸದೆ ಎರಡು ವರ್ಷದ ಕೆಳದರ್ಜೆಯ ತರಬೇತಿಗೆ ಹಾಕುತ್ತಿದ್ದರು. ಆ ಪತ್ರ ಹಿಡಿದು ಸ್ವದೇಶಕ್ಕೆ ಬಂದರೆ ಇಲ್ಲಿ ಬೆಲೆಯಿರಲಿಲ್ಲ.

ಮನೆಮಂದಿಯ ವಿಷಯದಲ್ಲಿ ಅಲ್ಲಿನ ನಿಯಮ ಹೀಗಿತ್ತು: ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭ, ನೆಲೆಸಿದ ಹೆಂಗಸು ಗಂಡನನ್ನು ಕರೆಸಿಕೊಳ್ಳುವುದು ಕಷ್ಟ. ಗಂಡಸು ಬಂದರೆ ಅಲ್ಲಿನವರ ಕೆಲಸವನ್ನು ಕಿತ್ತುಕೊಳ್ಳುತ್ತಾನೆಂಬುದು ಸರಕಾರದ ವಾದ. ಇದನ್ನು ಮೂವರು ಹೆಂಗಸರು ಸ್ಟ್ರಾಸ್‌ಬರ್ಗಿನಲ್ಲಿರುವ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಕೊಂಡೊಯ್ದರು. ಅವರಲ್ಲಿ ಒಬ್ಬಾಕೆ ಕಬಾಲೆಸ್. ಫಿಲಿಪೈನ್ಸಿನಿಂದ 1967ರಲ್ಲಿ ಪರ್ಮಿಟ್ ಹಿಡಿದು ಶುಶ್ರೂಷಾ ಸಹಾಯಕಿಯಾಗಿ ಬಂದು, ಮುಂದೆ ದಾದಿಯಾದವರು. 1985ರ ಮೇ 28ರಂದು ತೀರ್ಪು ಬಂದಿತು. ಗಂಡಸಿಗೊಂದು, ಹೆಂಗಸಿಗೊಂದು ನಿಯಮ ಮಾಡುವುದು ಭೇದಭಾವವೆಂದು ನ್ಯಾಯಾಧೀಶರು ಹೇಳಿದರು. ಆದರೆ ಅದೇ ತೀರ್ಪಿನಲ್ಲಿ, ದಂಪತಿಗಳು ಎಲ್ಲಿ ಸಂಸಾರ ಹೂಡಬೇಕೆಂದು ಬಯಸುತ್ತಾರೋ ಅದನ್ನು ಒಪ್ಪಲೇಬೇಕೆಂಬ ಕರ್ತವ್ಯ ಸರಕಾರಕ್ಕೆ ಇಲ್ಲವೆಂದೂ ಹೇಳಿದರು. ಇಂಗ್ಲೆಂಡಿನ ಸರಕಾರ ಆ ಎರಡನೆಯ ಮಾತನ್ನು ಚೆನ್ನಾಗಿ ಕೇಳಿಸಿಕೊಂಡಿತು. ಭೇದವನ್ನು ಅಳಿಸಬೇಕಲ್ಲವೆ? ಗಂಡಂದಿರಿಗಿದ್ದ ತಡೆಯನ್ನು ಅದೇ ವರ್ಷ ಹೆಂಡತಿಯರಿಗೂ ಹಾಕಿ ಸಮಾನತೆಯನ್ನು ಸಾಧಿಸಿತು. ಗೆದ್ದ ಮೊಕದ್ದಮೆಯಿಂದ ಇನ್ನಷ್ಟು ಬಾಗಿಲುಗಳು ಮುಚ್ಚಿದ ಇಂಥ ಉದಾಹರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊಲ್ಲಿ ದೇಶಗಳ ವಿಷಯವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಅಲ್ಲಿ ಬಹಳ ಕಾಲ ನೆಲೆಸುವ ಆಸೆಯನ್ನೇ ಯಾರೂ ಕೊಡುತ್ತಿರಲಿಲ್ಲ. 1973ರ ಬಳಿಕ ಎಣ್ಣೆಯ ಬೆಲೆ ಏರಿ ಆಸ್ಪತ್ರೆಗಳು ಎದ್ದುವು. ದಾದಿಯರು ಹಾಸ್ಟೆಲುಗಳಲ್ಲಿ ಇದ್ದು ದುಡಿದು ಬಂದರು. ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಉದ್ಯೋಗದ ಹೆಸರನ್ನು ನೋಡಿ ಕುಟುಂಬವನ್ನು ಒಳಗೆ ಬಿಡುವ ಕ್ರಮವಿದ್ದುದನ್ನು 2019ರಲ್ಲಿ ಬದಲಿಸಿ, ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಡನೆ 3,000 ದಿರ್ಹಮ್ ವರಮಾನವಿದ್ದರೆ ಸಾಕೆಂದರು. ನಮ್ಮ ಸರಕಾರವೂ ಒಂದು ಕೆಲಸ ಮಾಡಿತು. ಏಜೆಂಟರು ಒಬ್ಬೊಬ್ಬ ದಾದಿಯಿಂದ ಲಕ್ಷಗಟ್ಟಳೆ ಸುಲಿಯುತ್ತಿದ್ದಾರೆಂಬ ದೂರು ಬಲವಾದಾಗ, 2015ರಲ್ಲಿ ಕೊಲ್ಲಿಯೇ ಮೊದಲಾದ 18 ದೇಶಗಳಿಗೆ ದಾದಿಯರ ನೇಮಕವನ್ನು ಸರಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ವಿಧಿಸಿತು. ಕೇರಳದ ನೋರ್ಕಾ, ತಮಿಳುನಾಡಿನಲ್ಲಿ 1978ರಿಂದ ಇರುವ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ ಮೊದಲಾದುವು ಆಗ ಮುಂದೆ ಬಂದುವು. ಇಂಗ್ಲೆಂಡು ಆ 18 ದೇಶಗಳ ಪಟ್ಟಿಯಲ್ಲಿ ಇಲ್ಲ. ಅಲ್ಲಿಗೆ ಕಳುಹಿಸುವ ಏಜೆಂಟನ ಮಾತನ್ನು ನಂಬುವುದು ಬಿಡುವುದು ಹೋಗುವವರಿಗೇ ಬಿಟ್ಟದ್ದು.

ಈಗ ನಮ್ಮ ಕಾಲದ ಸಂಗತಿಗೆ ಬರೋಣ. 2020ರ ಆಗಸ್ಟಿನಲ್ಲಿ, ಪಿಡುಗಿನ ನಡುವೆ, ಇಂಗ್ಲೆಂಡು ‘ಹೆಲ್ತ್ ಆಂಡ್ ಕೇರ್’ ವೀಸಾ ಎಂಬುದನ್ನು ಆರಂಭಿಸಿತು. 2022ರ ಫೆಬ್ರವರಿಯಿಂದ ವೃದ್ಧರನ್ನೂ ಅಂಗವಿಕಲರನ್ನೂ ನೋಡಿಕೊಳ್ಳುವ ‘ಕೇರ್ ವರ್ಕರ್’ಗಳಿಗೂ ಅದು ದೊರೆಯಿತು. ಮೈ ತೊಳೆಸುವುದು, ಉಣಿಸುವುದು, ಔಷಧಿ ಕೊಡುವುದು ಅವರ ಕೆಲಸ. ಇಲ್ಲಿ ದಾದಿ ಶಿಕ್ಷಣ ಮುಗಿಸಿದ್ದರೂ ಅಲ್ಲಿನ ದಾದಿಯರ ದಾಖಲೆಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ನಿಲ್ಲಲಾರದ ನೂರಾರು ಹುಡುಗಿಯರು ಈ ಕಿರುಬಾಗಿಲಿನಿಂದ ಒಳಗೆ ಹೋದರು. ಗಂಡನನ್ನೂ ಮಕ್ಕಳನ್ನೂ ಕರೆದೊಯ್ಯಲು ಅಡ್ಡಿಯಿರಲಿಲ್ಲ. 2023ರ ಸೆಪ್ಟೆಂಬರಿಗೆ ಮುಗಿದ ಒಂದು ವರ್ಷದಲ್ಲಿ ಸುಮಾರು 1,00,000 ಆರೈಕೆಗಾರರ ಜೊತೆಯಲ್ಲಿ ಸುಮಾರು 1,20,000 ಆಶ್ರಿತರು ಬಂದರೆಂದು ಅಲ್ಲಿನ ಸರಕಾರ ಲೆಕ್ಕ ತೋರಿಸಿತು; ಲೆಕ್ಕ ತೋರಿಸಿ ಬೆಚ್ಚಿತು. ತಾಯಿಗೆ ಮಕ್ಕಳಿರುತ್ತಾರೆಂಬುದು ಅವರಿಗೆ ಹೊಸ ಸುದ್ದಿಯೇನೋ! 2024ರ ಮಾರ್ಚ್ 11ರಿಂದ ಹೊಸದಾಗಿ ಅರ್ಜಿ ಹಾಕುವ ಆರೈಕೆಗಾರರು ಗಂಡನನ್ನಾಗಲಿ ಮಕ್ಕಳನ್ನಾಗಲಿ ಕರೆತರುವಂತಿಲ್ಲವೆಂದು ನಿಯಮ ಮಾಡಿದರು. ಆ ದಿನಕ್ಕೆ ಮೊದಲೇ ಆ ಕೆಲಸದ ವೀಸಾದಲ್ಲಿದ್ದವರಿಗೆ ಇದು ಅನ್ವಯಿಸದು. ದಾಖಲೆಯಾದ ದಾದಿಯರಿಗೂ ಅನ್ವಯಿಸದು. 2025ರ ಜುಲೈ 22ರಿಂದ ಹೊರದೇಶದಿಂದ ಆರೈಕೆಗಾರರ ಹೊಸ ನೇಮಕವೇ ನಿಂತಿತು.

ಗೂಡಲೂರು ತಾಲ್ಲೂಕಿನ ಒಂದು ಮನೆಯವರು ಇಂಗ್ಲಿಷ್ ಕಾಗದಗಳನ್ನು ಓದಿಸಿಕೊಳ್ಳಲು ನನ್ನಲ್ಲಿಗೆ ಬರುವುದುಂಟು. ಮೇಷ್ಟರಾಗಿದ್ದವನಿಗೆ ಈ ಕೆಲಸ ತಪ್ಪಿದ್ದಲ್ಲ. ಆ ಮನೆಯ ಸೊಸೆ ಮೈಸೂರಿನಲ್ಲಿ ದಾದಿ ಶಿಕ್ಷಣ ಪಡೆದವಳು. ಅವಳೂ ಅವಳ ಸಹಪಾಠಿಯೊಬ್ಬಳೂ 2023ರ ಕೊನೆಯಲ್ಲಿ ಒಬ್ಬ ಏಜೆಂಟನಿಗೆ ಒಟ್ಟಿಗೇ ಹಣ ಕಟ್ಟಿದರು. ಸಹಪಾಠಿಯ ಅರ್ಜಿ ಫೆಬ್ರವರಿಯಲ್ಲಿ ಹೋಯಿತು. ಇವಳ ಕಾಗದಗಳು ಯಾವುದೋ ಮೊಹರಿಗಾಗಿ ಏಜೆಂಟನ ಮೇಜಿನ ಮೇಲೆ ಒಂದು ತಿಂಗಳು ಬಿದ್ದಿದ್ದು, ಮಾರ್ಚ್ ಮೂರನೆಯ ವಾರದಲ್ಲಿ ಹೋದುವು. ‘ಮೊದಲು ನೀನು ಹೋಗು, ಮೂರು ತಿಂಗಳಲ್ಲಿ ಮಗು ಬರುತ್ತದೆ’ ಎಂದು ಅವನು ಆಗಲೂ ಹೇಳುತ್ತಲೇ ಇದ್ದನು. ಎಲ್ಲರೂ ನಂಬಿದರು. ತೋಟದ ಒಂದು ತುಂಡನ್ನು ಅಡವಿಟ್ಟಾಗಿತ್ತು. ನಂಬದೆ ಉಪಾಯವೂ ಇರಲಿಲ್ಲ.

ಸಹಪಾಠಿಯ ಗಂಡನೂ ಇಬ್ಬರು ಮಕ್ಕಳೂ ಈಗ ಅಲ್ಲಿದ್ದಾರೆ. ಇವಳ ಮಗುವಿಗೆ ತಾಯಿ ಹೊರಟಾಗ ಎರಡೂವರೆ ವರ್ಷ. ಅದು ಅಜ್ಜಿಯ ಸೆರಗು ಹಿಡಿದು ನನ್ನ ಜಗಲಿಗೆ ಬರುತ್ತದೆ. ನಿಯಮದ ಕಾಗದವನ್ನು ನಾನು ಓದಿ ಅರ್ಥ ಹೇಳಿದ ದಿನ ಆ ಅಜ್ಜಿ ನನ್ನನ್ನು ಕೇಳಿದರು: “ಮೇಷ್ಟ್ರೇ, ಅಲ್ಲಿ ನನ್ನ ವಯಸ್ಸಿನ ಮುದುಕಿಗೆ ಇವಳು ಊಟ ಮಾಡಿಸುತ್ತಾಳಂತೆ. ಆ ಮುದುಕಿಗೂ ಮಕ್ಕಳು ಇದ್ದಾರಂತೆ. ಅವರು ಯಾಕೆ ಬರುವುದಿಲ್ಲ?” ನಾನು ಬೇರೆ ಮಾತು ತೆಗೆದೆ.

ಒಂದು ದಾರಿ ಇನ್ನೂ ತೆರೆದಿದೆ. ಅವಳು ಅಲ್ಲಿನ ದಾದಿಯರ ದಾಖಲೆಗೆ ಸೇರಿ ದಾದಿಯಾಗಿಯೇ ಕೆಲಸ ಪಡೆದರೆ ಗಂಡನನ್ನೂ ಮಗುವನ್ನೂ ಕರೆಸಿಕೊಳ್ಳಬಹುದು. ಅದಕ್ಕೆ ವೃತ್ತಿಯ ಪರೀಕ್ಷೆಗಳಿವೆ. ಅವುಗಳ ಭಯ ಅವಳಿಗಿಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದಕ್ಕೆ, ಕೇಳುವುದಕ್ಕೆ, ಮಾತನಾಡುವುದಕ್ಕೆ ಏಳೇಳು ಅಂಕ, ಬರೆಯುವುದಕ್ಕೆ ಆರೂವರೆ ಬರಬೇಕು. ರಾತ್ರಿಯ ಸರದಿ ಮುಗಿಸಿ ಬಂದು ಓದುತ್ತಾಳಂತೆ. ಕಳೆದ ಬಾರಿ ಮೊದಲ ಮೂರರಲ್ಲೂ ಗೆದ್ದಳು. ಬರವಣಿಗೆಯಲ್ಲಿ ಆರು ಬಂದಿತು. ಅಜ್ಜಿಯವರಿಗೆ ನಾನು ಅದನ್ನು ವಿವರಿಸುವಾಗ ಅವರು ಬೆರಳು ಮಡಿಸಿ ಎಣಿಸಿದರು. “ಹಾಗಾದರೆ ಅರ್ಧ ಸಾಲದು?” ಎಂದರು. ಹೌದೆಂದೆ. ಮುಂದಿನ ಪರೀಕ್ಷೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಡಿ ಎಂದರು; ಮಾಡಿಕೊಟ್ಟೆ. ಮಗು ನನ್ನ ಪೆನ್ಸಿಲನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ತಾನೂ ಒಂದು ಗೆರೆ ಎಳೆಯಿತು.